ಮೊಳೆ ಏಕೆ ಮುನಿಸಿಕೊಳ್ಳುವುದಿಲ್ಲ?

ಹಾಳಾದ ಸ್ಪೀಕರೊಂದನ್ನು ಬಿಚ್ಚಿ ಅದರ ಬೆನ್ನಿನಿಂದ ಕಾಂತವನ್ನು ಹೊರತೆಗೆಯಲು ನನಗೆ ಅರ್ಧ ದಿನ ಹಿಡಿಯಿತು. ಎರಡು ಉಕ್ಕಿನ ಬಿಲ್ಲೆಗಳ ನಡುವೆ ಅಂಟು ಹಾಕಿ ಕೂರಿಸಿದ್ದ ಕಪ್ಪು ಬಳೆ ಅದು. ಸ್ಕ್ರೂಡ್ರೈವರ್, ಸುತ್ತಿಗೆ, ಬಿಸಿನೀರು, ಒಂದೆರಡು ಬೈಗುಳ ಎಲ್ಲವೂ ಬೇಕಾದವು. ಇಷ್ಟೆಲ್ಲ ಪಾಡುಪಟ್ಟಿದ್ದು ಅಣ್ಣನ ಮಗಳಿಗಾಗಿ. ಮರುದಿನ ಅವಳಿಗೆ ಕಾಂತಗಳ ಪಾಠದ ಮೇಲೆ ಕಿರುಪರೀಕ್ಷೆ. ಸಜಾತೀಯ ಧ್ರುವಗಳು ವಿಕರ್ಷಿಸುತ್ತವೆ, ವಿಜಾತೀಯ ಧ್ರುವಗಳು ಆಕರ್ಷಿಸುತ್ತವೆ, ತೂಗುಬಿಟ್ಟ ದಂಡಕಾಂತ ಉತ್ತರ-ದಕ್ಷಿಣಕ್ಕೆ ನಿಲ್ಲುತ್ತದೆ ಎಂದು ಮಗ್ಗಿಯಂತೆ ಒಪ್ಪಿಸುತ್ತಿದ್ದಳು. ಕಾಂತವನ್ನು ಮಾತ್ರ ಒಮ್ಮೆಯೂ ಕೈಯಲ್ಲಿ ಹಿಡಿದಿರಲಿಲ್ಲ. ಈಜಿನ ಪಾಠವನ್ನು ಹಲಗೆಯ ಮೇಲೆ ಕಲಿಸಿದಂತಾಯಿತಲ್ಲ ಎಂದು ನನಗೆ ಸಿಟ್ಟು ಬಂದಿತ್ತು.

ಬಳೆಯನ್ನು ಕೈಗಿತ್ತು, ಮುಂದೆ ಒಂದು ಹಿಡಿ ಮೊಳೆ ಸುರಿದೆ. ಹತ್ತು ನಿಮಿಷ ಅವಳ ಸದ್ದಿಲ್ಲ. ಆಮೇಲೆ ಹುಬ್ಬು ಗಂಟಿಕ್ಕಿಕೊಂಡು ಕೇಳಿದಳು: "ಚಿಕ್ಕಪ್ಪ, ಎಲ್ಲಿ ಮುಟ್ಟಿಸಿದರೂ ಮೊಳೆ ಅಂಟುತ್ತದೆ. ಇದರಲ್ಲಿ ಉತ್ತರ ಧ್ರುವವೂ ಇದೆ, ದಕ್ಷಿಣ ಧ್ರುವವೂ ಇದೆ, ಅಲ್ಲವೇ? ಎರಡರಲ್ಲಿ ಒಂದರ ಹತ್ತಿರವಾದರೂ ಮೊಳೆ ಮುನಿಸಿಕೊಂಡು ದೂರ ಸರಿಯಬೇಕಿತ್ತು. ಏಕೆ ಮುನಿಸಿಕೊಳ್ಳುವುದಿಲ್ಲ?"

"ಮೊಳೆ ಕಾಂತವಲ್ಲವಲ್ಲ, ಅದಕ್ಕೆ ಧ್ರುವಗಳಿಲ್ಲ" ಎಂದೆ, ದೊಡ್ಡವರ ಗತ್ತಿನಲ್ಲಿ.

"ಧ್ರುವವೇ ಇಲ್ಲದಿದ್ದರೆ ಕಾಂತ ಎಳೆಯುತ್ತಿರುವುದು ಯಾವುದನ್ನು? ಪಾಠದಲ್ಲಿ ಇರುವುದು ಧ್ರುವ ಧ್ರುವವನ್ನು ಎಳೆಯುತ್ತದೆ ಎಂದು ಮಾತ್ರ."

ನನ್ನ ಬಾಯಿ ಕಟ್ಟಿತು. ಮರುದಿನದ ಪರೀಕ್ಷೆಯಲ್ಲಿ ಅವಳಿಗೆ ಪೂರ್ಣ ಅಂಕ ಬಂತು. ಈ ಪ್ರಶ್ನೆ ಅದರಲ್ಲಿ ಇರಲಿಲ್ಲ.

ನಮ್ಮ ಮಾತೇ ಕಾಂತದ ಸೆಳೆತವನ್ನಷ್ಟೇ ಮೆಚ್ಚುತ್ತದೆ. ಅಯಸ್ ಎಂದರೆ ಕಬ್ಬಿಣ, ಕಾಂತ ಎಂದರೆ ಪ್ರಿಯ. ಕಬ್ಬಿಣಕ್ಕೆ ಪ್ರಿಯವಾದದ್ದು ಅಯಸ್ಕಾಂತ. ಸೂಜಿಗಲ್ಲು ಎಂಬ ನಮ್ಮ ಹಳೆಯ ಹೆಸರೂ ಸೂಜಿಯನ್ನು ಸೆಳೆಯುವ ಕಲ್ಲನ್ನೇ ನೆನಪಿಸುತ್ತದೆ. ಕಣ್ಣು ಸೂಜಿಗಲ್ಲಿನಂತೆ ಸೆಳೆಯಿತು ಎಂದು ಬರೆಯುತ್ತೇವೆಯೇ ಹೊರತು, ಅವನ ಮಾತು ಸೂಜಿಗಲ್ಲಿನಂತೆ ದೂಡಿತು ಎಂದು ಯಾರೂ ಬರೆಯುವುದಿಲ್ಲ. ಆದರೆ ಅವಳ ಪ್ರಶ್ನೆಯ ಹಿಂದೆ ಬಿದ್ದು ಕೆಲವು ಭಾನುವಾರಗಳನ್ನು ಕಳೆದ ಮೇಲೆ ನನಗೆ ಅನ್ನಿಸಿದ್ದು ಇದು: ಕಾಂತದ ಗುಟ್ಟೆಲ್ಲ ಇರುವುದು ದೂಡುವಿಕೆಯಲ್ಲಿ. ಮಕ್ಕಳಿಗೆ ಕಲಿಸುವುದಾದರೆ ಅಲ್ಲಿಂದಲೇ ಶುರು ಮಾಡಬೇಕು.

ಮೊದಲ ಭಾನುವಾರ ನಾವು ಮಾಡಿದ್ದು ಮನೆಯೆಲ್ಲ ಸುತ್ತುವ ಕೆಲಸ. ಕಾಂತ ಲೋಹಗಳನ್ನೆಲ್ಲ ಸೆಳೆಯುತ್ತದೆ ಎಂಬ ನಂಬಿಕೆ ಮಕ್ಕಳಲ್ಲಿ ಬಲವಾಗಿರುತ್ತದೆ, ದೊಡ್ಡವರಲ್ಲೂ ಕಡಿಮೆಯೇನಿಲ್ಲ. ತಾಮ್ರದ ತಂತಿ ಅಲುಗಲಿಲ್ಲ. ಅಲ್ಯೂಮಿನಿಯಂ, ಹಿತ್ತಾಳೆ, ಬೆಳ್ಳಿ, ಚಿನ್ನ ಯಾವುದೂ ಲಕ್ಷ್ಯ ಕೊಡಲಿಲ್ಲ. ನಮ್ಮ ಕೋಣೆಯ ಉಷ್ಣತೆಯಲ್ಲಿ ಕಾಂತಕ್ಕೆ ಗಟ್ಟಿಯಾಗಿ ಒಲಿಯುವ ಶುದ್ಧ ಲೋಹಗಳು ಮುಖ್ಯವಾಗಿ ಮೂರು: ಕಬ್ಬಿಣ, ನಿಕ್ಕಲ್, ಕೋಬಾಲ್ಟ್. ಪೇಚಿಗೆ ಸಿಕ್ಕಿಸಿದ್ದು ಸ್ಟೇನ್‌ಲೆಸ್ ಸ್ಟೀಲ್. ಒಂದು ಚಮಚ ಟಕ್ಕೆಂದು ಅಂಟಿತು, ಅದರ ಜೊತೆಯವನಂತೆಯೇ ಹೊಳೆಯುವ ಇನ್ನೊಂದು ಜಾರಿ ಬಿತ್ತು. ಹಾಗೆ ಜಾರುವ ಬಗೆಯ ಸ್ಟೀಲಿನಲ್ಲಿ ಕಬ್ಬಿಣದ ಜೊತೆ ಕ್ರೋಮಿಯಂ ಮತ್ತು ನಿಕ್ಕಲ್ ಬೆರೆತಿರುತ್ತವೆ. ಕಬ್ಬಿಣವನ್ನೂ ಕಾಂತ ಸೆಳೆಯುತ್ತದೆ, ನಿಕ್ಕಲನ್ನೂ ಸೆಳೆಯುತ್ತದೆ. ಎರಡೂ ಕೂಡಿದ ಈ ಚಮಚ ಮಾತ್ರ ಬೇಡ! ನಿಕ್ಕಲ್ ಸೇರಿದಾಗ ಪರಮಾಣುಗಳು ಜೋಡಣೆಗೊಳ್ಳುವ ರೀತಿಯೇ ಬದಲಾಗುತ್ತದೆ. ಅಂದರೆ ಏನು ಇದೆ ಎಂಬುದಷ್ಟೇ ಅಲ್ಲ, ಅದು ಹೇಗೆ ಸಾಲುಗಟ್ಟಿದೆ ಎಂಬುದೂ ಮುಖ್ಯ. ಆ ಚಮಚವನ್ನು ನಾನು ಬೇರೆ ತೆಗೆದಿಟ್ಟೆ. ಅವಳ ಪ್ರಶ್ನೆಗೆ ಉತ್ತರದ ಮೊದಲ ತುಂಡು ಅದೇ ಆಗಿತ್ತು.

ಎರಡನೆಯ ತುಂಡು ಸಿಕ್ಕಿದ್ದು ಮೊಳೆಗಳ ಸರದಲ್ಲಿ. ಬಳೆಗೆ ಒಂದು ಮೊಳೆ ತಗುಲಿಸಿ, ಅದರ ತುದಿಗೆ ಇನ್ನೊಂದನ್ನು ಮುಟ್ಟಿಸಿದರೆ ಅದೂ ಜೋತು ಬೀಳುತ್ತದೆ. ಅದರ ತುದಿಗೆ ಮತ್ತೊಂದು. ಈಗ ಮೇಲಿನ ಮೊಳೆಯನ್ನು ಬೆರಳಲ್ಲಿ ಹಿಡಿದುಕೊಂಡು ಬಳೆಯನ್ನು ಮೆಲ್ಲನೆ ದೂರ ಸರಿಸಿ. ಕೆಳಗಿನ ಮೊಳೆಗಳು ಉದುರುತ್ತವೆ. ಎರಡನೆಯ ಮೊಳೆಯನ್ನು ಇಷ್ಟು ಹೊತ್ತು ಹಿಡಿದಿದ್ದು ಯಾರು? ಮೊದಲನೆಯ ಮೊಳೆ. ಅಂದರೆ ಅದು ಕಾಂತವಾಗಿತ್ತು. ಬಳೆ ಹತ್ತಿರ ಇರುವಷ್ಟು ಹೊತ್ತು ಮಾತ್ರ. "ನೀವು ಸುಳ್ಳು ಹೇಳಿದಿರಿ ಚಿಕ್ಕಪ್ಪ" ಎಂದಳು. ಒಪ್ಪಿಕೊಂಡೆ. ಮೊಳೆಗೂ ಧ್ರುವಗಳಿದ್ದವು, ಎರವಲು ಧ್ರುವಗಳು.

ಈ ಎರವಲು ಹೇಗೆ ಬರುತ್ತದೆ? ಶಾಲೆಯ ಮೈದಾನವನ್ನು ನೆನೆಸಿಕೊಳ್ಳಿ. ಗಂಟೆ ಬಾರಿಸುವ ಮೊದಲು ಮಕ್ಕಳು ಗುಂಪುಗುಂಪಾಗಿ ನಿಂತಿದ್ದಾರೆ. ಒಂದು ಗುಂಪಿನವರೆಲ್ಲ ಒಂದೇ ಕಡೆ ಮುಖ ಮಾಡಿದ್ದಾರೆ, ಪಕ್ಕದ ಗುಂಪು ಇನ್ನೊಂದು ಕಡೆಗೆ. ಇಡೀ ಮೈದಾನ ಒಟ್ಟಾರೆ ಯಾವ ಕಡೆಗೂ ನೋಡುತ್ತಿಲ್ಲ. ಕಬ್ಬಿಣದ ಒಳಗೂ ಹೀಗೆಯೇ. ಅದರೊಳಗಿನ ಸಣ್ಣ ಸಣ್ಣ ವಲಯಗಳು ಒಂದೊಂದೂ ಆಗಲೇ ಪೂರ್ಣ ಕಾಂತ. ಮುಖಗಳು ಬೇರೆಬೇರೆ ಕಡೆಗಿರುವುದರಿಂದ ಹೊರಗೆ ಏನೂ ತೋರುವುದಿಲ್ಲ. ಇದನ್ನು 1907ರಲ್ಲಿ ಊಹಿಸಿದವರು ಫ್ರಾನ್ಸಿನ ಪಿಯರ್ ವೈಸ್. ಅತಿ ಸಣ್ಣ ಕಾಂತೀಯ ಪುಡಿ ಹರಡಿ ಆ ವಲಯಗಳ ಗಡಿಗಳು ಕಣ್ಣಿಗೆ ಬೀಳುವಂತೆ 1931ರಲ್ಲಿ ಮಾಡಿದವರು ಫ್ರಾನ್ಸಿಸ್ ಬಿಟ್ಟರ್. ಹೊರಗಿನಿಂದ ಕಾಂತವೊಂದು ಹತ್ತಿರ ಬಂದರೆ, ಅದಕ್ಕೆ ಅನುಕೂಲವಾಗಿ ಮುಖ ಮಾಡಿದ ವಲಯಗಳು ಪಕ್ಕದವರನ್ನು ತಮ್ಮೊಳಗೆ ಸೇರಿಸಿಕೊಂಡು ಹಿಗ್ಗುತ್ತವೆ. ಮೊಳೆಗೆ ಆಗ ಉತ್ತರ-ದಕ್ಷಿಣ ಬರುತ್ತದೆ.

ಇಲ್ಲೇ ಇರುವುದು ಚಮತ್ಕಾರ. ಬಳೆಯ ಉತ್ತರ ಧ್ರುವದ ಹತ್ತಿರ ಬಂದ ಮೊಳೆಯ ತುದಿ ದಕ್ಷಿಣವಾಗುತ್ತದೆ. ದಕ್ಷಿಣ ಧ್ರುವದ ಹತ್ತಿರ ಒಯ್ದರೆ ಅದೇ ತುದಿ ಉತ್ತರವಾಗುತ್ತದೆ. ಯಾರ ಎದುರು ನಿಂತರೆ ಅವರಿಗೆ ಬೇಕಾದಂತೆ ತಾಳ ಹಾಕುವ ಸ್ವಭಾವ ಮೊಳೆಯದು. ಮುನಿಸಿಕೊಳ್ಳಬೇಕಾದರೆ ಸ್ವಂತ ನಿಲುವು ಬೇಕು, ಅದು ಮೊಳೆಗಿಲ್ಲ. ಹೀಗೆಂದು ಅವಳಿಗೆ ಹೇಳಿದಾಗ ನಾನು ಗೆದ್ದೆ ಎಂದುಕೊಂಡಿದ್ದೆ. ಅದೂ ಅರ್ಧ ಉತ್ತರ ಎಂದು ಆಮೇಲೆ ಗೊತ್ತಾಯಿತು, ಇರಲಿ.

ನಿಲುವು ಇರುವುದು ಉಕ್ಕಿಗೆ. ಹೊಲಿಗೆಯ ಸೂಜಿಯನ್ನು ಕಾಂತದ ಒಂದೇ ಧ್ರುವದಿಂದ, ಒಂದೇ ದಿಕ್ಕಿನಲ್ಲಿ, ಪ್ರತಿ ಸಲವೂ ಕೈ ಮೇಲೆತ್ತಿ ಹಿಂದಕ್ಕೆ ತಂದು ಮೂವತ್ತು ನಲವತ್ತು ಬಾರಿ ಸವರಿದರೆ ಸೂಜಿ ಕಾಂತವಾಗಿ ಉಳಿಯುತ್ತದೆ. ಹಿಂದಕ್ಕೂ ಮುಂದಕ್ಕೂ ಉಜ್ಜಿದರೆ ಮಾಡಿದ್ದನ್ನು ಅಳಿಸಿದಂತೆ. ಮೆದು ಕಬ್ಬಿಣ ಬೇಗ ಕಲಿತು ಬೇಗ ಮರೆಯುತ್ತದೆ, ಗಡಸು ಉಕ್ಕು ನಿಧಾನಕ್ಕೆ ಕಲಿತು ನೆನಪಿಟ್ಟುಕೊಳ್ಳುತ್ತದೆ. ಮರೆಸಬೇಕೆಂದರೆ ಸುತ್ತಿಗೆಯಿಂದ ಬಡಿಯಬೇಕು, ಇಲ್ಲವೇ ಕಾಯಿಸಬೇಕು. ಕಬ್ಬಿಣ 770 ಡಿಗ್ರಿ ಸೆಲ್ಸಿಯಸ್ ದಾಟಿದರೆ ಸಾಲುಗಟ್ಟುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಕೆಂಪಗೆ ಕಾದ ಆ ಕಬ್ಬಿಣವನ್ನು ಎಷ್ಟು ದೊಡ್ಡ ಕಾಂತವೂ ಹಿಂದಿನಂತೆ ಸೆಳೆಯಲಾರದು. ಇದನ್ನು ಅಚ್ಚುಕಟ್ಟಾಗಿ ಅಳೆದು 1895ರಲ್ಲಿ ಪ್ರಕಟಿಸಿದ ಪಿಯರ್ ಕ್ಯೂರಿಯವರ ಹೆಸರಿನಲ್ಲೇ ಆ ಉಷ್ಣತೆಯನ್ನು ಕರೆಯುತ್ತಾರೆ.

ಹೀಗಿರುವುದರಿಂದಲೇ, ಒಂದು ವಸ್ತು ಕಾಂತವೋ ಅಲ್ಲವೋ ಎಂದು ಸೆಳೆತದಿಂದ ತಿಳಿಯುವುದು ಸಾಧ್ಯವಿಲ್ಲ. ಕಾಂತವನ್ನೂ ಕಾಂತ ಸೆಳೆಯುತ್ತದೆ, ಬರಿಯ ಕಬ್ಬಿಣವನ್ನೂ ಸೆಳೆಯುತ್ತದೆ. ದೂಡಿದರೆ ಮಾತ್ರ ಅನುಮಾನವಿಲ್ಲ: ಅಲ್ಲಿ ಎರಡೂ ಕಡೆ ಕಾಂತವಿದೆ. ಪಾಠಗಳಲ್ಲಿ "ವಿಕರ್ಷಣೆಯೇ ಖಚಿತ ಪರೀಕ್ಷೆ" ಎಂಬ ಒಂದು ಸಾಲು ಇರುತ್ತದೆ. ಮಕ್ಕಳು ಅದಕ್ಕೆ ಅಡಿಗೆರೆ ಎಳೆದು ಮುಂದೆ ಹೋಗುತ್ತಾರೆ. ಆ ಒಂದು ಸಾಲಿಗೆ ಒಂದು ಇಡೀ ತರಗತಿಯನ್ನು ಕೊಡಬಹುದು.

ಅವಳಿಗೆ ನಾನೊಂದು ಒಗಟು ಹೇಳಿದೆ. ನೋಡಲು ಒಂದೇ ತರಹದ ಎರಡು ಸಲಾಕೆಗಳಿವೆ. ಒಂದು ದಂಡಕಾಂತ, ಇನ್ನೊಂದು ಬರಿಯ ಕಬ್ಬಿಣ. ನಿನ್ನ ಹತ್ತಿರ ಬೇರೆ ಏನೂ ಇಲ್ಲ, ದಾರವೂ ಇಲ್ಲ, ಮೊಳೆಯೂ ಇಲ್ಲ. ಯಾವುದು ಯಾವುದು ಎಂದು ಹೇಗೆ ಹೇಳುತ್ತೀ? ತುದಿಗೆ ತುದಿ ಹಿಡಿದರೆ ಹೇಗೆ ಹಿಡಿದರೂ ಎರಡು ಅಂಟಿಕೊಳ್ಳುತ್ತವೆ. ಎರಡು ಪೆನ್ಸಿಲ್‌ಗಳನ್ನು ಸಲಾಕೆಯೆಂದುಕೊಂಡು ಅವಳು ಅರ್ಧ ಗಂಟೆ ಹೊಸೆದಾಡಿದಳು. ಕೊನೆಗೆ ಒಂದನ್ನು ಮಲಗಿಸಿ ಇನ್ನೊಂದರ ತುದಿಯನ್ನು ಅದರ ನಡುವಿಗೆ ಒತ್ತಿ ನಿಲ್ಲಿಸಿದಳು. ದಂಡಕಾಂತದ ಬಲವೆಲ್ಲ ತುದಿಗಳಲ್ಲಿ, ನಡುವಿನಲ್ಲಿ ಬಲ ಇಲ್ಲವೆನ್ನುವಷ್ಟು ಕಡಿಮೆ. ಕೈಯಲ್ಲಿರುವುದು ಕಾಂತವಾದರೆ ಅದರ ತುದಿ ಮಲಗಿದ ಕಬ್ಬಿಣದ ನಡುವನ್ನೂ ಹಿಡಿಯುತ್ತದೆ. ಮಲಗಿರುವುದು ಕಾಂತವಾದರೆ ಅದರ ನಡು ಸುಮ್ಮನಿರುತ್ತದೆ. ನಾನು ಚಿಕ್ಕವನಿದ್ದಾಗ ಈ ಒಗಟನ್ನು ಬಿಡಿಸಲಾಗಿರಲಿಲ್ಲ ಎಂಬುದನ್ನು ಅವಳಿಗೆ ಹೇಳಲಿಲ್ಲ.

ಆ ಸಂಭ್ರಮದಲ್ಲೇ ಬಳೆ ಅವಳ ಕೈಜಾರಿ ಕಲ್ಲಿನ ನೆಲಕ್ಕೆ ಬಿದ್ದು ಎರಡು ಹೋಳಾಯಿತು. ಸ್ಪೀಕರಿನ ಕಪ್ಪು ಕಾಂತ ಫೆರೈಟಿನದು. ಕಬ್ಬಿಣದ ಆಕ್ಸೈಡಿಗೆ ಬೇರಿಯಂ ಅಥವಾ ಸ್ಟ್ರಾನ್ಷಿಯಂ ಸೇರಿಸಿ, ಅಚ್ಚಿಗೆ ಒತ್ತಿ, ಕುಲುಮೆಯಲ್ಲಿ ಸುಟ್ಟು ಮಾಡುತ್ತಾರೆ. ಮಡಕೆಯ ಹಾಗೆ ಒಡೆಯುತ್ತದೆ. ಅವಳು ಕಣ್ಣೀರು ತುಂಬಿಕೊಂಡು ಎರಡು ಹೋಳುಗಳನ್ನು ಇದ್ದಂತೆಯೇ ಕೂಡಿಸಲು ಹೋದಳು. ಕೂಡಲಿಲ್ಲ. ಒಡೆದ ಅಂಚುಗಳು ಒಂದನ್ನೊಂದು ದೂಡಿದವು. ಬಲವಂತ ಮಾಡಿದರೆ ಒಂದು ಹೋಳು ಮೊಗಚಿಕೊಂಡು ತಲೆಕೆಳಗಾಗಿ ಅಂಟಿತು. ಅಳು ಅಲ್ಲೇ ನಿಂತಿತು.

ಈ ಸೋಜಿಗವನ್ನು ಬಿಡಿಸಲು ಬಳೆಯ ಧ್ರುವಗಳು ಎಲ್ಲಿವೆ ಎಂದು ಕೇಳಬೇಕು. ನಮ್ಮ ಕಣ್ಣು ದಂಡಕಾಂತಕ್ಕೆ ಒಗ್ಗಿಕೊಂಡಿದೆ, ಹಾಗಾಗಿ ಧ್ರುವ ಎಂದರೆ ಉದ್ದದ ಎರಡು ತುದಿ ಎಂದುಕೊಳ್ಳುತ್ತೇವೆ. ಬಳೆಯಲ್ಲಿ ಮೇಲಿನ ಚಪ್ಪಟೆ ಮುಖ ಒಂದು ಧ್ರುವ, ಕೆಳಗಿನ ಚಪ್ಪಟೆ ಮುಖ ಇನ್ನೊಂದು. ಹೋಳುಗಳನ್ನು ಪಕ್ಕಪಕ್ಕ ಇಟ್ಟರೆ ಮೇಲೆ ಉತ್ತರದ ಪಕ್ಕ ಉತ್ತರ, ಕೆಳಗೆ ದಕ್ಷಿಣದ ಪಕ್ಕ ದಕ್ಷಿಣ. ಮುನಿಸು ಸಹಜ. ದಂಡಕಾಂತ ಅಡ್ಡಕ್ಕೆ ಮುರಿದಿದ್ದರೆ ಕಥೆ ಬೇರೆ: ಮುರಿದ ಜಾಗದಲ್ಲಿ ಒಂದು ಕಡೆ ಹೊಸ ಉತ್ತರ, ಎದುರಿಗೆ ಹೊಸ ದಕ್ಷಿಣ ಹುಟ್ಟುತ್ತವೆ, ತುಂಡುಗಳು ತಾವಾಗಿಯೇ ಕೂಡಿಕೊಳ್ಳುತ್ತವೆ. ಎರಡರಲ್ಲೂ ಒಂದು ಮಾತು ಸಮಾನ. ಒಂಟಿ ಧ್ರುವ ಸಿಗುವುದಿಲ್ಲ. ಪೀಟರ್ ಪೆರೆಗ್ರಿನಸ್ ಎಂಬಾತ 1269ರಲ್ಲೇ ಗೆಳೆಯನಿಗೆ ಬರೆದ ಉದ್ದದ ಪತ್ರದಲ್ಲಿ, ಸೂಜಿಗಲ್ಲನ್ನು ತುಂಡರಿಸಿದರೆ ಪ್ರತಿ ತುಂಡಿಗೂ ಎರಡು ಧ್ರುವಗಳಿರುತ್ತವೆ ಎಂದು ವಿವರಿಸಿದ್ದ. ಅಂದಿನಿಂದ ಇಂದಿನವರೆಗೆ ಒಂಟಿ ಧ್ರುವದ ಕಣವನ್ನು ಹುಡುಕುತ್ತಲೇ ಇದ್ದಾರೆ, ಸಿಕ್ಕಿಲ್ಲ.

ಒಡೆದದ್ದಕ್ಕೆ ಬದಲಾಗಿ ಇನ್ನೂ ಬಲವಾದದ್ದು ಬೇಕು ಎಂದು ಅವಳು ಹಟ ಹಿಡಿದಳು. ನಾನು ಕೊಡಿಸಲಿಲ್ಲ. ನಿಯೋಡಿಮಿಯಂ, ಕಬ್ಬಿಣ, ಬೋರಾನ್ ಸೇರಿದ ಹೊಳಪಿನ ಪುಟ್ಟ ಕಾಂತಗಳು 1980ರ ದಶಕದಲ್ಲಿ ಬಂದವು. ಗಾತ್ರಕ್ಕೆ ಹೋಲಿಸಿದರೆ ಅವುಗಳ ಬಲ ಭಯ ಹುಟ್ಟಿಸುತ್ತದೆ. ಚಿಕ್ಕ ಮಕ್ಕಳು ಇಂಥವನ್ನು ಎರಡು ನುಂಗಿಬಿಟ್ಟರೆ ಕರುಳಿನ ಬೇರೆಬೇರೆ ಸುರುಳಿಗಳಲ್ಲಿ ಸಿಕ್ಕಿಕೊಂಡು ಗೋಡೆಯ ಆಚೀಚೆಯಿಂದ ಒಂದನ್ನೊಂದು ಹಿಡಿದು ತೂತು ಮಾಡುತ್ತವೆ. ಅಂಥದ್ದು ನಡೆದಿದೆ ಎಂಬ ಅನುಮಾನ ಬಂದರೂ ಸಾಕು, ಕಾಯದೆ ಆಸ್ಪತ್ರೆಗೆ ಓಡಬೇಕು. ಸೆಳೆತವನ್ನೇ ಹಾಡಿ ಹೊಗಳುವವರಿಗೆ ಇದೂ ತಿಳಿದಿರಲಿ.

ಇನ್ನು ಭೂಮಿಯ ವಿಷಯ. ಸವರಿದ ಸೂಜಿಯನ್ನು ಬೆಂಡಿನ ಬಿಲ್ಲೆಯ ಮೇಲಿಟ್ಟು ನೀರಿನ ತಟ್ಟೆಯಲ್ಲಿ ತೇಲಿಬಿಟ್ಟೆವು. ಸೂಜಿ ಮೆಲ್ಲನೆ ತಿರುಗಿ ಉತ್ತರ-ದಕ್ಷಿಣಕ್ಕೆ ನಿಂತಿತು. ಸೂಜಿಯ ಉತ್ತರ ತುದಿ ಉತ್ತರಕ್ಕೆ ಸೆಳೆಯಲ್ಪಡುತ್ತಿದ್ದರೆ ಅಲ್ಲಿ ಇರಬೇಕಾದದ್ದು ದಕ್ಷಿಣ ಧ್ರುವವಲ್ಲವೇ ಎಂದು ಅವಳೇ ತೆಗೆದಳು. ಹೌದು, ಕಾಂತದ ಲೆಕ್ಕದಲ್ಲಿ ಭೂಮಿಯ ಉತ್ತರ ಭಾಗದಲ್ಲಿರುವುದು ದಕ್ಷಿಣ ಧ್ರುವವೇ. ಭೂಮಿಯೇ ಒಂದು ದೊಡ್ಡ ಕಾಂತ ಎಂದು 1600ರಲ್ಲಿ ಹೇಳಿದವರು ಇಂಗ್ಲೆಂಡಿನ ವೈದ್ಯ ವಿಲಿಯಂ ಗಿಲ್ಬರ್ಟ್. ಸೂಜಿಗಲ್ಲನ್ನು ಚೆಂಡಿನಂತೆ ಕಡೆದು, ಅದರ ಮೈಮೇಲೆ ಪುಟ್ಟ ಸೂಜಿಗಳನ್ನು ಓಡಾಡಿಸಿ ನೋಡಿ ಆಡಿದ ಮಾತದು. ಭೂಮಿಯ ಹೊಟ್ಟೆಯಲ್ಲಿ ಗಟ್ಟಿ ದಂಡಕಾಂತವೇನೂ ಇಲ್ಲ; ಅಲ್ಲಿನ ಕಾವು ಕಬ್ಬಿಣ ಕಾಂತವಾಗಿ ಉಳಿಯಬಲ್ಲ ಮಿತಿಯನ್ನು ಎಂದೋ ದಾಟಿದೆ. ಹೊರ ತಿರುಳಿನಲ್ಲಿ ಕರಗಿದ ಕಬ್ಬಿಣ ಹೊರಳಾಡುತ್ತ ವಿದ್ಯುತ್ ಹರಿಸುವುದರಿಂದ ಈ ಕಾಂತತ್ವ ಹುಟ್ಟುತ್ತದೆ.

ವಿದ್ಯುತ್ತಿಗೂ ಕಾಂತಕ್ಕೂ ನಂಟಿದೆ ಎಂದು ಲೋಕಕ್ಕೆ ಗೊತ್ತಾದದ್ದು 1820ರಲ್ಲಿ. ಡೆನ್ಮಾರ್ಕಿನ ಅರ್ಸ್ಟೆಡ್, ತಂತಿಯಲ್ಲಿ ವಿದ್ಯುತ್ ಹರಿದಾಗ ಹತ್ತಿರದ ದಿಕ್ಸೂಚಿಯ ಮುಳ್ಳು ಹೊರಳುವುದನ್ನು ಕಂಡರು. 1831ರಲ್ಲಿ ಮೈಕೇಲ್ ಫ್ಯಾರಡೆ ತಿರುವುಮುರುವು ಮಾಡಿ, ಬದಲಾಗುವ ಕಾಂತಕ್ಷೇತ್ರದಿಂದ, ಅಂದರೆ ಕಾಂತದ ಸುತ್ತ ಹರಡಿರುವ ಅದರ ಪ್ರಭಾವದಿಂದ, ವಿದ್ಯುತ್ ಹುಟ್ಟಿಸಿದರು. ನನ್ನ ಕಪ್ಪು ಬಳೆಯಲ್ಲಿ ತಂತಿಯೂ ಇಲ್ಲ, ಬ್ಯಾಟರಿಯೂ ಇಲ್ಲ ಎನ್ನಬಹುದು. ಅಲ್ಲಿ ಕೆಲಸ ಮಾಡುವುದು ಎಲೆಕ್ಟ್ರಾನುಗಳು. ಒಂದೊಂದು ಎಲೆಕ್ಟ್ರಾನೂ ಹುಟ್ಟಾ ಪುಟ್ಟ ಕಾಂತ. ಹೆಚ್ಚಿನ ವಸ್ತುಗಳಲ್ಲಿ ಅವು ಎದುರುಬದುರಾಗಿ ಜೋಡಿಯಾಗಿ ಒಂದರ ಬಲವನ್ನು ಇನ್ನೊಂದು ಅಳಿಸಿಹಾಕುತ್ತವೆ. ಕಬ್ಬಿಣದ ಪರಮಾಣುವಿನಲ್ಲಿ ಕೆಲವು ಒಂಟಿಯಾಗಿ ಉಳಿಯುತ್ತವೆ, ಅಷ್ಟೇ ಅಲ್ಲದೆ ನೆರೆಯ ಪರಮಾಣುವಿನವನ್ನೂ ತಮ್ಮ ಸಾಲಿಗೆ ಎಳೆದುಕೊಳ್ಳುತ್ತವೆ. ಆ ನೆರೆಹೊರೆಯ ಒಪ್ಪಂದವನ್ನು ವಿವರಿಸಲು ಕ್ವಾಂಟಂ ವಿಜ್ಞಾನವೇ ಬೇಕು. ಶಾಲೆಯ ಮೈದಾನ ಅಲ್ಲಿಯವರೆಗೆ ನಮ್ಮನ್ನು ಕರೆದೊಯ್ಯುವುದಿಲ್ಲ.

ತಟ್ಟೆಗೆ ಮರಳುತ್ತೇನೆ. ನಮ್ಮ ಸೂಜಿ ಉತ್ತರಕ್ಕೆ ತಿರುಗಿದ ಮೇಲೆ ಹಾಗೆಯೇ ತೇಲುತ್ತ ಹೋಗಿ ತಟ್ಟೆಯ ಉತ್ತರದ ಅಂಚಿಗೆ ಅಂಟಿಕೊಂಡಿತು. ಧ್ರುವಕ್ಕೆ ಹೊರಟಿದೆ ಎಂದು ಅವಳು ಕುಣಿದಳು. ಎರಡನೆಯ ಸಲ ಹೋಗಿ ಅಂಟಿದ್ದು ಪಶ್ಚಿಮದ ಅಂಚಿಗೆ, ಮೂರನೆಯ ಸಲ ದಕ್ಷಿಣಕ್ಕೆ. ಅದು ನೀರಿನ ಮೇಲ್ಮೈಯ ಎಳೆತ, ಕಾಂತದ್ದಲ್ಲ. ಲಂಡನ್ನಿನಲ್ಲಿ ದಿಕ್ಸೂಚಿ ಮಾಡುತ್ತಿದ್ದ ರಾಬರ್ಟ್ ನಾರ್ಮನ್ ಇದೇ ತೊಡಕನ್ನು ಜಾಣತನದಿಂದ ತಪ್ಪಿಸಿದ್ದ. ಸೂಜಿ ಚುಚ್ಚಿದ ಬೆಂಡನ್ನು ಚೂರುಚೂರೇ ಕೆತ್ತುತ್ತ, ಅದು ಮುಳುಗದೆ ತೇಲದೆ ನೀರಿನ ನಡುವೆ ನಿಲ್ಲುವಂತೆ ಮಾಡಿದ. ಸೂಜಿ ತಿರುಗಿತು, ವಾಲಿತು, ಆದರೆ ಯಾವ ಕಡೆಗೂ ಸಾಗಲಿಲ್ಲ. 1581ರಲ್ಲಿ ಅವನು ಪ್ರಕಟಿಸಿದ ಸಂಗತಿ ಇದು.

ಭೂಮಿ ಸೂಜಿಯನ್ನು ತಿರುಗಿಸುತ್ತದೆ, ಎಳೆದುಕೊಳ್ಳುವುದಿಲ್ಲ. ಏಕೆ? ಭೂಮಿ ಸೂಜಿಯ ಒಂದು ತುದಿಯನ್ನು ಎಷ್ಟು ಎಳೆಯುತ್ತದೆಯೋ ಇನ್ನೊಂದು ತುದಿಯನ್ನು ಅಷ್ಟೇ ದೂಡುತ್ತದೆ. ಅಷ್ಟು ದೊಡ್ಡ ಭೂಮಿಯ ಎದುರು ಸೂಜಿಯ ಎರಡು ತುದಿಗಳ ನಡುವಿನ ಅಂತರ ಲೆಕ್ಕಕ್ಕೇ ಇಲ್ಲ, ಎರಡೂ ಕಡೆ ಕ್ಷೇತ್ರ ಒಂದೇ. ಭೂಮಿಯ ಕ್ಷೇತ್ರ ದುರ್ಬಲ ಎಂಬುದೂ ನಿಜ, 25ರಿಂದ 65 ಮೈಕ್ರೋಟೆಸ್ಲಾ ಮಾತ್ರ. ಟೆಸ್ಲಾ ಎಂದರೆ ಕ್ಷೇತ್ರದ ಬಲವನ್ನು ಅಳೆಯುವ ಮಾನ, ಮೈಕ್ರೋಟೆಸ್ಲಾ ಅದರ ಹತ್ತು ಲಕ್ಷದಲ್ಲಿ ಒಂದು ಪಾಲು. ಎಂಆರ್‌ಐ ಯಂತ್ರದ 1.5 ಟೆಸ್ಲಾ ಅದರ ಸಾವಿರಾರು ಪಟ್ಟು ಹೆಚ್ಚು. ಆದರೆ ಇಲ್ಲಿ ಲೆಕ್ಕಕ್ಕೆ ಬರುವುದು ಕ್ಷೇತ್ರ ಎಷ್ಟು ಬಲವಾಗಿದೆ ಎಂಬುದಲ್ಲ, ಒಂದು ತುದಿಯಿಂದ ಇನ್ನೊಂದು ತುದಿಗೆ ಎಷ್ಟು ಬದಲಾಗುತ್ತದೆ ಎಂಬುದು.

ಇದನ್ನು ಅವಳಿಗೆ ಹೇಳುತ್ತಿರುವಾಗಲೇ ನನ್ನ ಅರ್ಧ ಉತ್ತರದ ಇನ್ನರ್ಧ ಹೊಳೆಯಿತು. ಮೊಳೆಗೆ ಎರವಲು ಧ್ರುವ ಬಂದರೆ ಒಂದೇ ಬರುವುದಿಲ್ಲವಲ್ಲ, ಎರಡು ಬರಬೇಕು. ಕಾಂತದ ಉತ್ತರ ಧ್ರುವದ ಹತ್ತಿರದ ತುದಿ ದಕ್ಷಿಣವಾದರೆ ದೂರದ ತುದಿ ಉತ್ತರ. ಕಾಂತ ಆ ದೂರದ ತುದಿಯನ್ನು ದೂಡುತ್ತಲೇ ಇರುತ್ತದೆ. ಹತ್ತಿರದ ಎಳೆತ ಜೋರಾಗಿರುವುದರಿಂದ ಆ ದೂಡುವಿಕೆ ನಮಗೆ ಕಾಣುವುದಿಲ್ಲ, ಅಷ್ಟೇ. ಮೊಳೆ ಮೊದಲ ದಿನದಿಂದಲೂ ಮುನಿಸಿಕೊಳ್ಳುತ್ತಿತ್ತು.

"ಹಾಗಾದರೆ ತೋರಿಸಿ" ಎಂದಳು.

ಬಳೆಯ ಒಂದು ಹೋಳನ್ನು ಚಪ್ಪಟೆ ಮುಖ ಕೆಳಗಾಗುವಂತೆ ಹಿಡಿದೆ. ಎರಡು ಸಣ್ಣ ಮೊಳೆಗಳನ್ನು ತಲೆ ಮೇಲಾಗಿ ಪಕ್ಕಪಕ್ಕದಲ್ಲೇ ತೂಗುಬಿಟ್ಟೆ. ನೇರವಾಗಿ ಜೋತುಬೀಳಬೇಕಾದ ಅವು ಕೆಳತುದಿಗಳನ್ನು ಅಗಲಿಸಿಕೊಂಡು ಕವೆಯಂತೆ ನಿಂತವು. ಎರಡರ ಕೆಳತುದಿಯೂ ಒಂದೇ ಧ್ರುವ. ಅವಳು ಬೆರಳಿನಿಂದ ಎರಡು ತುದಿಗಳನ್ನೂ ಒಟ್ಟಿಗೆ ಒತ್ತಿದಳು. ಬಿಟ್ಟ ಕೂಡಲೇ ಮತ್ತೆ ಅಗಲವಾದವು. ಮತ್ತೆ ಒತ್ತಿದಳು, ಮತ್ತೆ ಅಗಲವಾದವು.

"ಮುನಿಸು ಕೆಳಗಿತ್ತು ಚಿಕ್ಕಪ್ಪ, ನಾವು ಮೇಲೆ ನೋಡುತ್ತಿದ್ದೆವು" ಎನ್ನುತ್ತ ಮೂರನೆಯ ಮೊಳೆಗೆ ಕೈ ಹಾಕಿದಳು.